ಎದೆಯೆತ್ತರ

ತಪಾಸಣೆಗೆ ಬರಲಿರುವ ಆ ಹೆಂಗಸಿಗೆ ಒಂದು ಸಣ್ಣ ಜ್ವರ ಬರಲಿ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿಕೊಂಡ ಮೇಲೆ ಗಜಕಡ್ಡಿಯವರಿಗೆ ನಾಚಿಕೆಯಾಯಿತು. ದೊಡ್ಡ ಜ್ವರವೇನೂ ಬೇಡ, ಎರಡು ದಿನ ಮಲಗಿ ಏಳುವಂಥದ್ದಾದರೆ ಸಾಕು, ಚಿಕ್ಕ ಮಕ್ಕಳ ತಾಯಿಯಾಗಿದ್ದರೆ ಅದೂ ಬೇಡ, ಬಸ್ಸು ತಪ್ಪಿದರೂ ನಡೆದೀತು ಎಂದು ತಿದ್ದಿಕೊಂಡರು. ತಿದ್ದಿದ ಮೇಲೆ, ಬಸ್ಸು ಹೊತ್ತಿಗೆ ಮುಂಚೆ ಹೊರಟಿತೆಂದು ಪಾಪ ಅದರ ಚಾಲಕನ ಮೇಲೆ ದೂರು ಹೋದೀತಲ್ಲ ಅನ್ನಿಸಿತು. ಕೊನೆಗೆ, ಯಾರಿಗೂ ಕೇಡಾಗದ ಹಾಗೆ ಆಕೆ ಬರದಿರಲಿ, ಅದು ಹೇಗೆಂಬುದು ನಿನಗೆ ಬಿಟ್ಟದ್ದು ಎಂದು ಮುಗಿಸಿ ಕಣ್ಣು ತೆರೆದರು. ದೇವರ ಮುಂದೆ ಇಷ್ಟು ಚೌಕಾಸಿ ಮಾಡಿದ್ದು ಅವರ ಆಯುಷ್ಯದಲ್ಲಿ ಇದೇ ಮೊದಲು.

"ಇನ್ನೂ ಮುಗೀಲಿಲ್ವೇನೋ?" ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು. "ಅವನಿಗೂ ಬೇರೆ ಕೆಲಸ ಇರುತ್ತೆ ಕಣೋ. ನೀನೊಬ್ನೇ ಅಲ್ಲ ಅವನಿಗೆ."

ಅಕ್ಕ ನಾಲ್ಕು ದಿನಕ್ಕೆಂದು ಒಂದು ಪೆಟ್ಟಿಗೆ ಹಿಡಿದು ಬಂದವಳು. ತಮ್ಮನ ಹೆಂಡತಿ ತೀರಿಕೊಂಡ ಸುದ್ದಿ ಕೇಳಿ ಬಂದವಳು ಆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ್ದೇ, ಮತ್ತೆ ಎಳೆದಿರಲಿಲ್ಲ. ಮನೆ ಮೌನವಾಗಿರಬಾರದು ಎಂಬುದು ಅವಳ ಸಿದ್ಧಾಂತ. ಆದ್ದರಿಂದ ಬೆಳಗಿನಿಂದ ರಾತ್ರಿಯವರೆಗೆ ತಾನೇ ಮಾತನಾಡುತ್ತಿದ್ದಳು. ಪಾತ್ರೆಯೊಂದಿಗೆ, ನಲ್ಲಿಯೊಂದಿಗೆ, ಎದುರುಮನೆಯ ಬೆಕ್ಕಿನೊಂದಿಗೆ ಮಾತನಾಡಿ ಮಿಕ್ಕದ್ದು ತಮ್ಮನಿಗೆ. ಪಡಸಾಲೆಯ ಕಿಟಕಿಯ ಬಳಿಯಿದ್ದ ತಮ್ಮನ ಹೆಂಡತಿಯ ಹೊಲಿಗೆ ಯಂತ್ರ ಅವನ ಕಣ್ಣಿಗೆ ಬೀಳದಿರಲೆಂದು ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿದ್ದಳು. ಹೊದಿಸಿದ ಮೇಲೆ ಅದು ಮೊದಲಿಗಿಂತ ಹೆಚ್ಚು ಹೊಲಿಗೆ ಯಂತ್ರದ ಹಾಗೆ ಕಾಣುತ್ತಿತ್ತು. ಭಾನುವಾರಗಳಲ್ಲಿ ಗಜಕಡ್ಡಿಯವರು ಅದಕ್ಕೆ ಬೆನ್ನು ಹಾಕಿ ಕುಳಿತು ಪತ್ರಿಕೆ ಓದುತ್ತಿದ್ದರು, ಓದಿದ್ದನ್ನೇ ಓದುತ್ತಿದ್ದರು, ಬೆನ್ನಿಗೆ ಅದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ವಾರಕ್ಕೆ ಒಂದು ಭಾನುವಾರವಾದರೆ ಹೇಗೋ ನೂಕಬಹುದು. ಕೆಲಸ ಹೋದರೆ ಏಳೂ ದಿನ ಭಾನುವಾರ. ನಿವೃತ್ತಿಯಾದ ಮೇಲೂ ವರ್ಷವರ್ಷ ಮುಂದುವರಿಸಿಕೊಂಡು ಬಂದಿದ್ದ ಕೆಲಸ ಅದು. ಈ ಸಲದ ಆದೇಶ ತಪಾಸಣೆ ಮುಗಿಯುವವರೆಗೆ ನಿರ್ದೇಶಕರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದುಕೊಂಡಿತ್ತು. ತಾನು ತಪ್ಪು ಮಾಡಿಲ್ಲವೆಂದು ಅವರು ತಮಗೆ ತಾವೇ ಹೇಳಿಕೊಂಡರು. ಆದರೆ ಅದು ಖಚಿತವಿದ್ದ ಮನುಷ್ಯ ಬೆಳಗಿನ ಜಾವದಲ್ಲಿ ಕಣ್ಣು ಮುಚ್ಚಿ ಕುಳಿತು ಇನ್ನೊಬ್ಬರಿಗೆ ಜ್ವರ ಬರಿಸಲು ಹೋಗುತ್ತಾನೆಯೆ?

"ಎದೆ ಎತ್ತಿ ನಡಿಯೋ," ಎಂದಳು ಅಕ್ಕ, ಅವರು ಬೂಟಿನ ದಾರ ಕಟ್ಟಿ ಏಳುವಾಗ. "ಏನೋ ಬಿದ್ದುಹೋಗಿದೆ ಅಂತ ಹುಡುಕ್ತಾ ಹೋಗೋ ಹಾಗೆ ಹೋಗ್ತೀಯ. ಅಂಗಿ ನೋಡು, ಗಳಕ್ಕೆ ಹಾಕಿದ ಹಾಗಿದೆ."

"ನೀನೇ ತಾನೆ ಅಕ್ಕ ತಂದಿದ್ದು."

"ಒಗೆದ್ರೆ ಕುಗ್ಗುತ್ತೆ ಅಂತ ದೊಡ್ಡದು ತಂದೆ. ಅದು ಕುಗ್ಗಬೇಕಲ್ಲ, ಅದಕ್ಕೂ ಹಟ."

ಅಂಗಡಿಯಲ್ಲಿ ಒಂದೇ ಬಣ್ಣದ ಆರು ಅಂಗಿ ತಂದಿದ್ದಳು. ಹಳೆಯವನ್ನೆಲ್ಲ ಮಡಚಿ ಎತ್ತಿಟ್ಟಿದ್ದಳು. ಎಲ್ಲಿ ಎಂದು ಇವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಗಜಕಡ್ಡಿ ಎಂಬುದು ಕಚೇರಿಯವರು ಇಟ್ಟ ಹೆಸರು. ಮರದ ಸುತ್ತಳತೆಯನ್ನು ಎಲ್ಲೆಂದರಲ್ಲಿ ಹಿಡಿಯುವಂತಿಲ್ಲ. ಬುಡ ದಪ್ಪ, ಮೇಲೆ ಹೋದಂತೆ ಸಣ್ಣ. ಅದಕ್ಕೆಂದು ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಮೇಲೆ ಟೇಪು ಸುತ್ತಬೇಕೆಂದು ಹಿಂದಿನವರು ಗೊತ್ತುಮಾಡಿದ್ದಾರೆ. ಅದಕ್ಕೆ ಎದೆಯೆತ್ತರ ಎಂದು ಹೆಸರು. ಆ ಸುತ್ತಳತೆಗೆ ಮರದ ಎತ್ತರವನ್ನೂ ಅದರ ಕಟ್ಟಿಗೆಯ ಸಾಂದ್ರತೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ನಿಂತ ಮರದ ತೂಕ ಬರುತ್ತದೆ. ಎಲ್ಲ ಮರಗಳದ್ದು ಕೂಡಿಸಿದರೆ ಕಾಡಿನ ತೂಕ. ಕಡಿಯದೆ ತೂಗುವುದು ಅವರ ಕಸುಬು. ಮಿಕ್ಕವರು ಎದೆಯೆತ್ತರಕ್ಕೆ ಗೆರೆ ಕೊರೆದ ಕೋಲೊಂದನ್ನು ಹೊತ್ತು ಹೋಗುತ್ತಿದ್ದರು, ಯಾವುದೋ ಮರಕ್ಕೆ ಒರಗಿಸಿ ಮರೆತು ಬರುತ್ತಿದ್ದರು, ಮರುದಿನ ಕಾಡಿನಲ್ಲಿ ಕಡ್ಡಿ ಹುಡುಕುತ್ತಿದ್ದರು. ಇವರಿಗೆ ಕೋಲು ಬೇಕಿರಲಿಲ್ಲ. ಮರಕ್ಕೆ ಎದೆಯೊಡ್ಡಿ ನಿಂತು, ಅಂಗಿಯ ಎರಡನೆಯ ಗುಂಡಿ ಮುಟ್ಟಿದಲ್ಲಿ ಟೇಪು ಸುತ್ತಿದರೆ ಅದೇ ಒಂದು ಮೀಟರ್ ಮೂವತ್ತು. ಹಿಂದಿನ ನಿರ್ದೇಶಕರೊಬ್ಬರು ಅನುಮಾನಪಟ್ಟು ಕೋಲಿಟ್ಟು ನೋಡಿ, ಕೋಲೇ ಸವೆದಿರಬೇಕು ಎಂದಿದ್ದರು. ಅಂದಿನಿಂದ ಇವರು ಗಜಕಡ್ಡಿ.

ಈಗಿನ ನಿರ್ದೇಶಕರು ವರಾಂಡದಲ್ಲೇ ಕಾಯುತ್ತಿದ್ದರು. ಈ ಸಲದ ಅಳತೆಯಲ್ಲಿ ಕಾಡು ಹಿಂದೆಂದೂ ಇಲ್ಲದಷ್ಟು ತೂಕ ಹಾಕಿಕೊಂಡಿತ್ತು, ಅದರಲ್ಲೂ ಹಳ್ಳದಾಚೆಯ ಮರಗಳು. ಹಳ್ಳದಾಚೆಯ ಮಣ್ಣಿನಲ್ಲಿ ಏನೋ ಇದೆ ಎಂದು ನಿರ್ದೇಶಕರು ಊರೂರು ಸುತ್ತಿ ಭಾಷಣ ಮಾಡಿ ಬಂದಿದ್ದರು. ಆ ಅಂಕಿಗಳು ಅತಿಯಾಯಿತೆಂದೇ ಮೇಲಿನ ಕಚೇರಿ ಈ ಹೆಂಗಸನ್ನು ಕಳಿಸುತ್ತಿದ್ದದ್ದು.

"ಏನೂ ಯೋಚನೆ ಮಾಡ್ಬೇಡಿ," ಎಂದರು ನಿರ್ದೇಶಕರು, ಯೋಚನೆಯಿಂದ ಕರವಸ್ತ್ರ ಹಿಂಡುತ್ತ. "ಬರ್ತಾರೆ, ನಾಲ್ಕು ಮರ ನೋಡ್ತಾರೆ, ಹೋಗ್ತಾರೆ. ನೀವು ಇದ್ದೀರಲ್ಲ."

ಹೊತ್ತಿಗೆ ಸರಿಯಾಗಿ ಬಸ್ಸು ಬಂತು. ಇಳಿದವಳು ಕುಳ್ಳಗಿನ, ದಪ್ಪ ಕನ್ನಡಕದ, ನಡುವಯಸ್ಸಿನ ಹೆಂಗಸು. ತನಗಿಂತ ಅಷ್ಟೇನೂ ಗಿಡ್ಡವಲ್ಲದ ಒಂದು ಕೋಲನ್ನು ಕೈಯಲ್ಲಿ ಹಿಡಿದಿದ್ದಳು. ಗೇಟಿನಲ್ಲಿ ನಿಂತು ನಮಸ್ಕಾರ ಎನ್ನಲು ಬಾಯಿ ತೆರೆದು ಆಕೆ ಸೀನಿದಳು. ಮತ್ತೊಮ್ಮೆ ಸೀನಿದಳು. ಗಜಕಡ್ಡಿಯವರು ಒಂದು ಹೆಜ್ಜೆ ಹಿಂದೆ ಸರಿದರು.

"ಮೇಡಂಗೆ ನೆಗಡಿಯೇ?"

"ಹೌದು ನೋಡಿ. ನಿನ್ನೆ ರಾತ್ರಿ ಚೆನ್ನಾಗೇ ಇದ್ದೆ."

"ಬೆಳಿಗ್ಗೆ... ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರುವಾಯ್ತು?"

ಆಕೆ ಕನ್ನಡಕದ ಮೇಲಿನಿಂದ ಅವರನ್ನು ನೋಡಿದಳು. ಕಾಡಿನವರಿಗೆ ಮಾತು ಬರುವುದಿಲ್ಲವೆಂದು ಕೇಳಿದ್ದಳು. ಬಂದರೆ ಹೀಗೆ ಬರುತ್ತದೆಂದು ಗೊತ್ತಿರಲಿಲ್ಲ. "ಇನ್ನೂ ಕತ್ತಲಿತ್ತು. ಯಾಕೆ?"

"ಏನಿಲ್ಲ," ಎಂದು ಅವರು ಬಿಸಿನೀರು ತರಲು ಓಡಿದರು. ಇನ್ನೂ ಕತ್ತಲಿತ್ತು. ತಾನು ಕಣ್ಣು ಮುಚ್ಚಿ ಕುಳಿತಾಗಲೂ ಕತ್ತಲಿತ್ತು. ಎಷ್ಟೋ ವರ್ಷ ಎಷ್ಟೋ ದೊಡ್ಡದನ್ನು ಕೇಳಿದಾಗ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಒಂದೇ ಒಂದನ್ನು ಕೇಳಿದಾಗ, ಆ ಕಡೆಯಿಂದ ಉಸಿರಿರಲಿಲ್ಲ. ಒಂದು ಕೆಟ್ಟ ಕೋರಿಕೆ ಕಳಿಸಿದರೆ ಅದು ಮಾತ್ರ ಬೆಳಗಾಗುವುದರೊಳಗೆ ಮಂಜೂರು. ಅದೂ ಪೂರ್ತಿಯಲ್ಲ; ಜ್ವರ ಕೇಳಿದರೆ ನೆಗಡಿ. ಅವರಿಗೆ ಕೋಪ ಬಂತು, ಕೋಪ ಬಂದದ್ದಕ್ಕೆ ಭಯವಾಯಿತು, ಭಯದಲ್ಲಿ ಲೋಟ ತುಂಬಿ ಬಿಸಿನೀರು ಬೆರಳ ಮೇಲೆ ಹರಿಯಿತು. ಸರಿ, ಇದು ನನಗೆ ಆಗಬೇಕಾದ್ದೇ ಎಂದುಕೊಂಡರು.

ಮೊದಲು ಪ್ರಯೋಗಶಾಲೆ. ಬೈರಿಗೆಯಿಂದ ಮರದ ಎದೆಗೆ ತೂತು ಕೊರೆದು ತೆಗೆದ ಪೆನ್ಸಿಲಿನಷ್ಟು ದಪ್ಪದ ಕಟ್ಟಿಗೆಯ ಕಡ್ಡಿಗಳು ಒಣಗಿಸುವ ಪೆಟ್ಟಿಗೆಯಲ್ಲಿ ಮಲಗಿದ್ದವು. ಹಸಿಯಿದ್ದಾಗ ನೀರಿನಲ್ಲಿ ಮುಳುಗಿಸಿ ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡುವುದು, ಆಮೇಲೆ ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿಸಿ ತೂಗುವುದು, ಆ ತೂಕವನ್ನು ಈ ಜಾಗದಿಂದ ಭಾಗಿಸುವುದು. ಸಾಂದ್ರತೆ ಎಂದರೆ ಅಷ್ಟೇ. ಪೆಟ್ಟಿಗೆಯಿಂದ ತೆಗೆದ ಕೂಡಲೇ ತೂಗಿಬಿಡಬೇಕು, ಇಲ್ಲವಾದರೆ ಕಟ್ಟಿಗೆ ಗಾಳಿಯ ತೇವ ಕುಡಿದು ಸುಳ್ಳು ತೂಕ ತೋರಿಸುತ್ತದೆ. ಬೇಗ ಬೆಳೆದ ಮರ ಬೆಂಡು, ನಿಧಾನಕ್ಕೆ ಬೆಳೆದದ್ದು ಕಲ್ಲು. ಅವರಿಗೆ ಮನುಷ್ಯರನ್ನೂ ಹಾಗೆ ನೋಡುವ ಚಟ. ನಿರ್ದೇಶಕರು ನೀರಿಗೆ ಹಾಕಿದರೆ ತೇಲುವ ಜಾತಿ. ಅಕ್ಕ ಮುಳುಗುವ ಜಾತಿ, ಮುಳುಗುವಾಗಲೂ ಮಾತನಾಡುವ ಜಾತಿ. ಹೆಂಡತಿಯನ್ನು ಅವರು ಯಾವತ್ತೂ ಅಂದಾಜು ಮಾಡಿರಲಿಲ್ಲ, ಹತ್ತಿರದ ವಸ್ತುವನ್ನು ಯಾರು ಅಳೆಯುತ್ತಾರೆ. ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವಾಗ ಅವಳನ್ನು ಎತ್ತಬೇಕಾಗಿ ಬಂತು. ಕೈಗಳು ತಮಗೆ ತೋಚಿದಷ್ಟು ಬಲ ಹಾಕಿದವು, ಅವಳು ಬೇಕಾದ್ದಕ್ಕಿಂತ ಮೇಲಕ್ಕೆ ಬಂದುಬಿಟ್ಟಳು, ಇನ್ನೇನು ಮೇಲಿನ ಸಲಾಕೆಗೆ ತಲೆ ತಾಗಬೇಕು. "ಎಷ್ಟು ಅಂದುಕೊಂಡಿದ್ರಿ?" ಎಂದು ಅವಳು ಅವರ ಕತ್ತು ಹಿಡಿದುಕೊಂಡೇ ಕೇಳಿ ನಕ್ಕಿದ್ದಳು. "ಇಷ್ಟು ವರ್ಷ ಕಾಡು ತೂಗಿದ್ದು ಹೀಗೇನಾ?" ನರ್ಸು ಕೂಡ ನಕ್ಕಿದ್ದಳು.

"ನಿಮ್ಮ ಅಂಕಿ, ನನ್ನ ಅಂಕಿ ಒಂದೇ," ಎಂದಳು ತಪಾಸಣೆಯಾಕೆ, ತಕ್ಕಡಿಯಿಂದ ತಲೆಯೆತ್ತಿ. "ಸಾಂದ್ರತೆ ಸರಿ ಇದೆ. ಇಷ್ಟು ಶುದ್ಧವಾಗಿ ಮಾಡೋರನ್ನ ನೋಡಿ ತುಂಬ ದಿನವಾಗಿತ್ತು." ಆಕೆ ಸೀನಿದಳು. ತಾನೇ ಕೆಡುಕು ಬಯಸಿದವರಿಂದ ಹೊಗಳಿಸಿಕೊಳ್ಳುವುದು ಇಷ್ಟು ಕಷ್ಟವೆಂದು ಗಜಕಡ್ಡಿಯವರಿಗೆ ಗೊತ್ತಿರಲಿಲ್ಲ. ಅವರು ತಮ್ಮ ಮಡಚಿದ ಕರವಸ್ತ್ರವನ್ನು ಮುಂದೆ ಹಿಡಿದರು. ಆಕೆ ಬೇಡವೆಂದಳು. ಅವರು ಹಿಡಿದೇ ಇದ್ದರು. ಕೊನೆಗೆ ಆಕೆ ಅವರ ಸಮಾಧಾನಕ್ಕಾಗಿ ತೆಗೆದುಕೊಂಡಳು.

ಜೀಪಿನಲ್ಲಿ ಡ್ರೈವರ್ ಆಕೆಯ ಕೋಲನ್ನು ಹಿಂದೆ ಇಡಲು ಹೋಗಿ, "ಮೇಡಂ, ಇದು ಯಾಕೆ? ನಮ್ಮ ಸಾರ್ ಇರೋವಾಗ ಕೋಲು ಯಾರಿಗೆ ಬೇಕು?" ಎಂದ. ಅವನು ಹೊಟ್ಟೆ ಬಂದ, ಎರಡು ಹೆಣ್ಣುಮಕ್ಕಳ ತಂದೆ, ಇವರೊಂದಿಗೆ ಕಾಡು ಸುತ್ತಿ ಮುದಿಯಾಗುತ್ತಿದ್ದವನು.

"ನನ್ನ ಕಷ್ಟ ನಿಮಗೇನು ಗೊತ್ತು," ಎಂದಳು ಆಕೆ. "ಯಾರೋ ಎತ್ತರದ ಗಂಡಸು ತನ್ನ ಎದೆ ನೋಡ್ಕೊಂಡು ಮಾಡಿದ ನಿಯಮ ಇದು. ನನಗೆ ಎದೆಯೆತ್ತರ ಅಂದ್ರೆ ಗದ್ದದೆತ್ತರ. ನನ್ನ ಎದೆ ನಂಬಿದ್ರೆ ಕಾಡೆಲ್ಲ ಆನೆ ಕಾಲಾಗುತ್ತೆ."

ಡ್ರೈವರ್ ಸ್ಟೇರಿಂಗ್ ಬಡಿದು ನಕ್ಕ. ಗಜಕಡ್ಡಿಯವರು ಕಿಟಕಿಯ ಹೊರಗೆ ನೋಡಿದರು. ಮದುವೆಯಾದ ಹೊಸತರಲ್ಲಿ ಅವರೂ ಕೋಲು ಮರೆತು ಬರುತ್ತಿದ್ದವರೇ. ಒಂದು ಸಂಜೆ ಹಾಗೆ ಮರೆತು, ಮೇಲಿನವರಿಂದ ಬೈಸಿಕೊಂಡು ಮನೆಗೆ ಬಂದಾಗ ಹೆಂಡತಿ, "ಕೋಲು ಮರೆತು ಬರ್ತೀರಿ. ಅಂಗಿ ಮರೆತು ಬರೋಕಾಗಲ್ಲ ತಾನೆ?" ಎಂದು ಬೂಟು ಹಾಕಿಸಿ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದಳು. ನೆಲದಿಂದ ಟೇಪು ಹಿಡಿದು ಬಂದಳು. ಉಸಿರು ಬಿಗಿಹಿಡಿದರೆ ಎದೆ ಮೇಲೆ ಹೋಗುತ್ತದೆ, ಸುಮ್ಮನೆ ನಿಲ್ಲಿ ಎಂದು ಗದರಿಸಿದಳು. ಬಂದಲ್ಲಿ ಸೀಮೆಸುಣ್ಣದ ಗೀಟು ಹಾಕಿ, ಎರಡನೆಯ ಗುಂಡಿಯನ್ನು ಸರಿಯಾಗಿ ಅದರ ಮೇಲೆ ಕೂರಿಸಿದಳು. ಆಮೇಲೆ ಹೊಲಿದ ಪ್ರತಿಯೊಂದು ಅಂಗಿಗೂ ಅವರು ಹಾಗೆ ನಿಂತದ್ದುಂಟು. ಮೊದಲ ಮತ್ತು ಎರಡನೆಯ ಗುಂಡಿಗಳ ನಡುವೆ ಮಿಕ್ಕ ಅಂಗಿಗಳಿಗಿಂತ ಕಡಿಮೆ ಅಂತರವಿರುತ್ತಿತ್ತು, ಅದರಿಂದ ಎರಡನೆಯದರ ಕೆಳಗೆ ಬಟ್ಟೆ ಸ್ವಲ್ಪ ಬಾಯಿ ಬಿಡುತ್ತಿತ್ತು. ದರ್ಜಿ ಸರಿಯಿಲ್ಲವೇ ಸಾರ್ ಎಂದು ಯಾರೋ ಕೇಳಿದ್ದರು.

ಕಾಡಿನ ಅಂಚಿನಲ್ಲಿ ಜೀಪು ನಿಂತಿತು. ಹಳ್ಳದ ಈಚೆಯ ಮರಗಳನ್ನು ಆಕೆ ಮೊದಲು ತೆಗೆದುಕೊಂಡಳು. ಕೋಲು ನಿಲ್ಲಿಸುವುದು, ಗೆರೆಯ ನೇರಕ್ಕೆ ಟೇಪು ಸುತ್ತುವುದು, ಅಂಕಿ ಓದುವುದು, ಸೀನುವುದು. ಡ್ರೈವರ್ ಇವರ ಹಳೆಯ ಅಂಕಿಯನ್ನು ಕೂಗಿ ಹೇಳುವನು. ಕೂದಲೆಳೆಯಷ್ಟು ಹೆಚ್ಚು, ಕೂದಲೆಳೆಯಷ್ಟು ಕಡಿಮೆ. ಒಟ್ಟಿನಲ್ಲಿ ಎರಡೂ ಒಂದೇ. ಒಂದೊಂದು ಮರ ದಾಟಿದಂತೆ ಗಜಕಡ್ಡಿಯವರ ಹೆಜ್ಜೆ ಹಗುರವಾಯಿತು. ಇಂಥ ನ್ಯಾಯವಾದ ಹೆಂಗಸಿಗೆ ನೆಗಡಿ ಹಚ್ಚಿದೆನಲ್ಲ ಎಂದು ಮರುಗಿ, ಮನಸ್ಸಿನಲ್ಲೇ ಅವಳ ಆರೋಗ್ಯಕ್ಕೆ ಒಂದು ಸಣ್ಣ ಪ್ರಾರ್ಥನೆ ಕಳಿಸಿದರು. ಬೆಳಗಿನದನ್ನು ರದ್ದು ಮಾಡಬೇಕೆಂದೂ ಸೇರಿಸಿದರು.

ಹಳ್ಳ ದಾಟಿದರು. ನೀರು ಪಾದ ಮುಳುಗುವಷ್ಟಿತ್ತು. ಆಚೆಯ ದಡದ ಮೊದಲನೆಯ ಮರಕ್ಕೆ ಆಕೆ ಟೇಪು ಸುತ್ತಿ ಅಂಕಿ ಹೇಳಿದಳು. ಡ್ರೈವರ್ ಹಳೆಯ ಅಂಕಿ ಹೇಳಲು ಬಾಯಿ ತೆರೆದು, ಮುಚ್ಚಿ, ಮತ್ತೆ ನೋಡಿ ಹೇಳಿದ. ಆಕೆಯದು ಕಡಿಮೆ. ಟೇಪು ಬಿಗಿಯಾಯಿತೇನೋ ಎಂದರು ಗಜಕಡ್ಡಿಯವರು. ಎರಡನೆಯದು, ಕಡಿಮೆ. ತೊಗಟೆ ಉದುರಿರಬೇಕು. ಮೂರನೆಯದು, ಬುಡದಲ್ಲಿ ಕಂಬದಂಥ ಏಣುಗಳೆದ್ದ ದೊಡ್ಡ ಮರ. ಎರಡು ಬೆರಳಷ್ಟು ಕಡಿಮೆ.

"ಉಪವಾಸ ಬಿದ್ದಿರಬೇಕು," ಎಂದ ಡ್ರೈವರ್.

ಆಕೆ ಮತ್ತೂ ಕೆಲವು ಮರ ಅಳೆದಳು. ಗಜಕಡ್ಡಿಯವರು ಹಿಂದೆ ಹಿಂದೆ ನಡೆದರು. ಪ್ರತಿ ಮರದ ಬಳಿಯೂ ಅವರು ಅದರ ಮುಖ ನೋಡುತ್ತಿದ್ದರು. ಅದು ಏನಾದರೂ ಮಾತನಾಡುತ್ತದೆಯೋ, ನಾನು ಸಣ್ಣಗಾಗಿಲ್ಲ ಎಂದು ಸಾಕ್ಷಿ ಹೇಳುತ್ತದೆಯೋ ಎಂಬಂತೆ. ಏಳೂ ದಿನ ಭಾನುವಾರ. ಬೆಳಿಗ್ಗೆ ಏಳುವುದು, ಹೂವಿನ ಬಟ್ಟೆಗೆ ಬೆನ್ನು ಹಾಕಿ ಕೂರುವುದು. ಅಕ್ಕನ ಮಾತು ನಲ್ಲಿಯ ನೀರಿನ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅವಳೂ ಸುಸ್ತಾಗಿ ನಿದ್ದೆ ಹೋದಾಗ ಮನೆಯೊಳಗೆ ಬರುವ ಆ ಒಂದು ಗಳಿಗೆ.

"ಇದು ಕೈತಪ್ಪಲ್ಲ," ಎಂದಳು ಆಕೆ, ಒಂದು ಬೇರಿನ ಮೇಲೆ ಕುಳಿತು ಮೂಗೊರೆಸಿಕೊಳ್ಳುತ್ತ. "ಕೈತಪ್ಪು ಒಮ್ಮೆ ಹೆಚ್ಚಾಗುತ್ತೆ, ಒಮ್ಮೆ ಕಡಿಮೆಯಾಗುತ್ತೆ. ಇದು ಒಂದೇ ಕಡೆಗೆ ಹೋಗ್ತಿದೆ. ಈ ತಪ್ಪಿಗೆ ನಿಯತ್ತಿದೆ. ನೀವು ಹೇಗೆ ಅಳೀತೀರಿ, ಸ್ವಲ್ಪ ತೋರ್ಸಿ."

ಗಜಕಡ್ಡಿಯವರು ಮರಕ್ಕೆ ಎದೆಯೊಡ್ಡಿ ನಿಂತರು. ಇದೊಂದರಲ್ಲಿ ಅವರಿಗೆ ಭಯವಿರಲಿಲ್ಲ. ಎಷ್ಟು ಮಳೆ, ಎಷ್ಟು ಬಿಸಿಲು, ಎಷ್ಟು ಮರ. ಎರಡನೆಯ ಗುಂಡಿಯನ್ನು ತೊಗಟೆಗೆ ಒತ್ತಿ, ಅದೇ ನೇರಕ್ಕೆ ಟೇಪು ಹಿಡಿದರು. ಆಕೆ ಎದ್ದು ಬಂದು ಪಕ್ಕದಲ್ಲಿ ಕೋಲು ನಿಲ್ಲಿಸಿದಳು. ಗುಂಡಿ ಎಲ್ಲೋ ಕೆಳಗೆ, ಕಾಂಡ ಇನ್ನೂ ದಪ್ಪಗಿರುವಲ್ಲಿ ಇತ್ತು. ಕೋಲಿನ ಗೆರೆ ಅದಕ್ಕಿಂತ ಒಂದು ಗೇಣು ಮೇಲೆ, ಅವರ ಕಾಲರಿನ ಬಳಿ ಇತ್ತು.

ಅವರು ಕೋಲಿನ ಬುಡ ನೋಡಿದರು. ಅದು ನೆಲದ ಮೇಲೆಯೇ ನಿಂತಿತ್ತು. ತಮ್ಮ ಬೂಟು ನೋಡಿಕೊಂಡರು. ಆಮೇಲೆ ಗುಂಡಿ ನೋಡಿಕೊಂಡರು. ಅಂಗಡಿಯ ಗುಂಡಿ, ಅಂಗಡಿಯ ಬಿಳಿ ದಾರ. ಅದರ ಮೇಲಿನ ಗುಂಡಿಗೂ ಇದಕ್ಕೂ ಇದ್ದ ಅಂತರ ಲೋಕದ ಎಲ್ಲ ಅಂಗಿಗಳಲ್ಲಿ ಇರುವ ಅಂತರವೇ. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಅದನ್ನು ತಮ್ಮ ಕೈಯಿಂದಲೇ ಹಾಕಿಕೊಂಡಿದ್ದರು.

"ಸಾರ್," ಎಂದ ಡ್ರೈವರ್ ಮೆಲ್ಲಗೆ, "ಅಂಗಿ ಇಳಿದಿದ್ಯೋ, ನೀವು ಇಳಿದಿದ್ದೀರೋ?"

"ಎರಡೂ," ಎಂದಳು ಆಕೆ. "ನೆಟ್ಟಗೆ ನಿಲ್ಲಿ ನೋಡೋಣ."

ಅವರು ನೆಟ್ಟಗೆ ನಿಂತರು. ತಾವು ನೆಟ್ಟಗೆ ನಿಂತಿದ್ದೇವೆಂದೇ ಅವರಿಗೆ ಅನ್ನಿಸಿತ್ತು. "ನಿಲ್ಲಿ ಸಾರ್," ಎಂದ ಡ್ರೈವರ್. "ನಿಂತಿದ್ದೀನಲ್ಲಪ್ಪ," ಎಂದರು ಇವರು. ಅವನು ಹಿಂದಿನಿಂದ ಬಂದು ಎರಡೂ ಭುಜ ಹಿಡಿದು ಎಳೆದು ನೋಡಿದ. ಭುಜಗಳು ಬಂದವು, ಬಿಟ್ಟ ಕೂಡಲೇ ಮತ್ತೆ ಮುಂದಕ್ಕೆ ಹೋದವು, ಸ್ಪ್ರಿಂಗ್ ಬಾಗಿಲಿನ ಹಾಗೆ. ಮರಗಳ ನಡುವೆ ಒಬ್ಬ ಅಪರಿಚಿತ ಹೆಂಗಸಿನ ಎದುರು ಹೀಗೆ ಹಿಂದೆ ಮುಂದೆ ಎಳೆಸಿಕೊಳ್ಳುತ್ತ ಗಜಕಡ್ಡಿಯವರಿಗೆ ಕಿವಿ ಬಿಸಿಯಾಯಿತು.

"ಒಂದು ಕೇಳ್ತೀನಿ," ಎಂದಳು ಆಕೆ. "ಲೆಕ್ಕ ಸರಿಮಾಡೋಕೆ ಬೇಕು, ಬೇರೆ ಏನೂ ಇಲ್ಲ. ಈಚೆ ಕಡೆ ಒಂದು ಮರಾನೂ ತಪ್ಪಿಲ್ಲ. ಆಚೆ ಕಡೆ ಒಂದೂ ಸರಿ ಇಲ್ಲ. ಹಳ್ಳ ದಾಟೋ ಮುಂಚೆ, ದಾಟಿದ ಮೇಲೆ, ನಡುವೆ ಏನಾಯ್ತು?"

"ಅಂಗಿ ಬದಲಾಯಿಸ್ದೆ," ಎಂದರು ಅವರು.

"ಅಂಗಿ ಬದಲಾಯಿಸಿದ್ರೆ ಬೆನ್ನು ಬಾಗುತ್ತಾ?"

ಡ್ರೈವರ್ ಆ ಕಡೆ ತಿರುಗಿ ಒಂದು ಎಲೆಯನ್ನು ಬಹಳ ಕುತೂಹಲದಿಂದ ನೋಡತೊಡಗಿದ. ಅವನಿಗೆ ಗೊತ್ತಿತ್ತು. ಹಳ್ಳದ ಈಚೆ ಮುಗಿಸಿದ ದಿನ ಸಂಜೆ ಇವರನ್ನು ಜೀಪಿನಲ್ಲಿ ನೇರ ಆಸ್ಪತ್ರೆಗೆ ಬಿಟ್ಟವನು ಅವನೇ. ಬಹಳ ದಿನದ ಮೇಲೆ ಇವರು ಮತ್ತೆ ಕೆಲಸಕ್ಕೆ ಬಂದಾಗ ಏನು ಮಾತನಾಡಬೇಕೆಂದು ತಿಳಿಯದೆ ಟೈರಿನ ವಿಷಯ ಮಾತನಾಡಿ, ಇಬ್ಬರೂ ಹಳ್ಳ ದಾಟಿದ್ದರು. ಗಜಕಡ್ಡಿಯವರು ಯಾರಿಗೂ ಅದನ್ನು ಹೇಳಿದವರಲ್ಲ. ಹೇಳುವ ಪ್ರಸಂಗ ಬಂದಾಗ ಅವಳು ಹೋದ ಮೇಲೆ ಎನ್ನುತ್ತಿದ್ದರು, ಆ ಗಲಾಟೆಯಲ್ಲಿ ಎನ್ನುತ್ತಿದ್ದರು, ಆಗ ಎಂದರೂ ಸಾಕಾಗುತ್ತಿತ್ತು. ದೇವರೊಂದಿಗೆ ಮಾತನಾಡುವಾಗಲೂ, ನಿನಗೆ ಗೊತ್ತೇ ಇದೆಯಲ್ಲ ಎಂದು ಮುಂದೆ ಹೋಗುತ್ತಿದ್ದರು. ಈ ಹೆಂಗಸಿಗೆ ಗೊತ್ತಿರಲಿಲ್ಲ. ಆಕೆ ಪೆನ್ನು ತೆರೆದು ಕಾಯುತ್ತಿದ್ದಳು.

"ನನ್ನ ಹೆಂಡತಿ ಸತ್ತಳು," ಎಂದರು ಗಜಕಡ್ಡಿಯವರು.

ಆಕೆ ಪೆನ್ನು ಮುಚ್ಚಿದಳು. ಸೀನು ಬಂತು, ತಡೆದುಕೊಳ್ಳಲು ನೋಡಿದಳು, ಕಣ್ಣಲ್ಲಿ ನೀರು ತುಂಬಿತು, ತಡೆಯಲಾಗದೆ ಇಡೀ ಕಾಡಿಗೆ ಕೇಳುವ ಹಾಗೆ ಸೀನಿದಳು. ಕೊಂಬೆಯ ಮೇಲಿನ ಹಕ್ಕಿಗಳೆದ್ದು ಹೋದವು. "ಕ್ಷಮಿಸಿ, ಕ್ಷಮಿಸಿ," ಎಂದಳು, ಅವರದೇ ಕರವಸ್ತ್ರವನ್ನು ಮೂಗಿಗೆ ಒತ್ತಿ.

"ತಪ್ಪು ನನ್ನದೇ," ಎಂದರು ಅವರು. ಆಕೆ ಅದನ್ನು ಅಳತೆಯ ವಿಷಯವೆಂದುಕೊಂಡಳು.

ಆಕೆ ಅವರ ಸುತ್ತ ಒಂದು ಸುತ್ತು ಬಂದಳು, ಮರವನ್ನು ನೋಡುವ ಹಾಗೆಯೇ. "ಓರೆ ಮರ ಬಂದ್ರೆ ನೀವು ಏನು ಮಾಡ್ತೀರಿ?" ಎಂದು ಕೇಳಿದಳು.

"ನೆಲದಿಂದ ನೇರ ಮೇಲಕ್ಕೆ ಅಳೆಯಲ್ಲ. ಕಾಂಡ ಯಾವ ಕಡೆ ಬಾಗಿದ್ಯೋ ಅದರ ಮೈಗುಂಟ ಹೋಗ್ಬೇಕು."

"ಮತ್ತೆ ನಿಮ್ಮನ್ನ ಯಾಕೆ ನೇರ ಮಾಡೋಕೆ ಹೋಗ್ತಿದ್ದೀವಿ ನಾವು?" ಎಂದು ಆಕೆ ಟೇಪನ್ನು ಡ್ರೈವರನ ಕೈಗೆ ಕೊಟ್ಟಳು. "ಹಿಮ್ಮಡಿಯಿಂದ ಹಿಡೀರಿ. ಬೆನ್ನಿನ ಮೇಲೆ, ಹೇಗೆ ಹೋಗುತ್ತೋ ಹಾಗೆ."

ಡ್ರೈವರ್ ಹೊಟ್ಟೆ ಮಡಚಿ ಕುಳಿತು ಹಿಮ್ಮಡಿಯ ಬಳಿ ಟೇಪು ಒತ್ತಿದ. ಮೀನಖಂಡ, ತೊಡೆ, ಬೆನ್ನು, ಬೆನ್ನಿನ ಬಾಗು, ಕತ್ತು, ನೆತ್ತಿಯವರೆಗೆ ಕೈಯಾಡಿಸುತ್ತ ಬಂದ. ಕಚಗುಳಿಯಾಗಿ ಗಜಕಡ್ಡಿಯವರು ಹೂಂ ಎಂದು ಮಿಸುಕಿದರು. "ಅಲ್ಲಾಡ್ಬೇಡಿ ಸಾರ್, ಮರ ಅಲ್ಲಾಡಲ್ಲ," ಎಂದ. ಅಂಕಿ ನೋಡಿದ. ಮತ್ತೊಮ್ಮೆ ನೋಡಿದ. ಸೇವೆಗೆ ಸೇರಿದ ದಿನದಿಂದ ಅವರ ಗುರುತಿನ ಚೀಟಿಯಲ್ಲಿ ಅಚ್ಚಾಗಿದ್ದ ಎತ್ತರ ಅವನಿಗೂ ಗೊತ್ತಿತ್ತು. ಕಾವಲುಗೇಟುಗಳಲ್ಲಿ ಅದನ್ನು ತೋರಿಸುತ್ತ ಬಂದವನು ಅವನೇ.

"ಹೆಚ್ಚೂಕಡಿಮೆ ಅಷ್ಟೇ ಇದೆ ಮೇಡಂ," ಎಂದ. "ಎಲ್ಲೂ ಹೋಗಿಲ್ಲ. ಮಡಚ್ಕೊಂಡಿದೆ ಅಷ್ಟೆ."

ಅಷ್ಟರಲ್ಲಿ ನಿರ್ದೇಶಕರ ಫೋನು ಬಂತು. ತಪಾಸಣೆಯಾಕೆ ಅದನ್ನು ಕಿವಿಯಿಂದ ದೂರ ಹಿಡಿದೇ ಮಾತನಾಡಿದಳು, ಅಷ್ಟು ಜೋರಾಗಿತ್ತು. "ಬೆಳೆದಿಲ್ಲವೇ? ಬೆಳೆದಿಲ್ಲ ಅಂದ್ರೆ? ನಾನು ಮಣ್ಣಿನ ಬಗ್ಗೆ ಭಾಷಣ ಮಾಡಿ ಬಂದಿದ್ದೀನಿ!" ಎಂಬುದು ಎಲ್ಲರಿಗೂ ಕೇಳಿತು. "ಮಣ್ಣಿನ ತಪ್ಪೇನೂ ಇಲ್ಲ," ಎಂದಳು ಆಕೆ. "ಹಳ್ಳದಾಚೆಯದೆಲ್ಲ ರದ್ದು. ಮತ್ತೆ ಅಳೀಬೇಕು. ಒಂದು ವರ್ಷದ ಕೆಲಸವೇ ಇದೆ." ಆ ಕಡೆಯಿಂದ ಏನೋ ಬಂತು. ಗಜಕಡ್ಡಿಯವರು ಟೇಪನ್ನು ಸುರುಳಿ ಸುತ್ತುತ್ತ ನಿಂತಿದ್ದರು. ಸುತ್ತಿ ಮುಗಿದ ಮೇಲೂ ಸುತ್ತುತ್ತಿದ್ದರು. ಹೋಯಿತು ಎಂದುಕೊಂಡರು. ಅಕ್ಕನಿಗೆ ಏನು ಹೇಳುವುದು. ಅಂಗಿಯಿಂದ ಹೋಯಿತು ಎಂದರೆ ಅವಳು ಅಂಗಡಿಯವನೊಡನೆ ಜಗಳಕ್ಕೆ ಹೋಗುತ್ತಾಳೆ.

"ಯಾರನ್ನ ಹಾಕೋದು ಅಂದ್ರೆ?" ಎಂದಳು ಆಕೆ ಫೋನಿಗೆ. "ಇವರನ್ನೇ. ಹೊಸಬರನ್ನ ಹಾಕಿದ್ರೆ ಅವರದ್ದೇ ಒಂದು ತಪ್ಪು ಶುರುವಾಗುತ್ತೆ, ಅದನ್ನ ಹುಡುಕೋಕೆ ನಾನು ಮತ್ತೆ ಬರ್ಬೇಕು. ಇವರ ತಪ್ಪು ಏನು ಅಂತ ನನಗೆ ಗೊತ್ತಾಗಿದೆ. ಸಹಿ ಹಾಕಿ ಕಳಿಸಿ." ಫೋನು ಇಟ್ಟು ಇವರ ಕಡೆ ತಿರುಗಿದಳು. "ಆದರೆ ಕೋಲು ಹಿಡ್ಕೊಂಡೇ ಅಳೀಬೇಕು. ಇದನ್ನ ಇಟ್ಕೊಳ್ಳಿ. ಮರೆತು ಬಂದ್ರೆ ಹಿಂದೆ ಹೋಗಿ ತರ್ಬೇಕು, ಹುಷಾರು."

ಗಜಕಡ್ಡಿಯವರು ಕೋಲು ತೆಗೆದುಕೊಂಡರು. ಏನಾದರೂ ಹೇಳಬೇಕೆನ್ನಿಸಿತು. ಬ್ರಹ್ಮಾಂಡದ ಯಾವ ಮೂಲೆಯಲ್ಲೋ ಕುಳಿತು ತಮ್ಮ ಅರ್ಜಿಯನ್ನು ಬೇಕೆಂದೇ ಉಲ್ಟಾ ಹಿಡಿದು ಓದಿದವನಿಗೂ ಏನಾದರೂ ಹೇಳಬೇಕೆನ್ನಿಸಿತು. "ಕತ್ತಲಾಗೋದ್ರೊಳಗೆ ಒಂದಷ್ಟು ಆಗುತ್ತೆ," ಎಂದಷ್ಟೇ ಹೇಳಿ ದಡದ ಮೊದಲನೆಯ ಮರಕ್ಕೆ ವಾಪಸು ಹೋದರು.

ಕೋಲು ನಿಲ್ಲಿಸಿದರು. ಗೆರೆ ಮುಟ್ಟಲು ಕೈ ತಾವಂದುಕೊಂಡದ್ದಕ್ಕಿಂತ ಮೇಲೆ ಹೋಗಬೇಕಿತ್ತು. ಟೇಪು ಸುತ್ತಿ, ಕನ್ನಡಕ ಸರಿಮಾಡಿಕೊಂಡು ಅಂಕಿ ಓದಿದರು. ಡ್ರೈವರ್ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದು, ಆ ಮರದ ತೂಕದಲ್ಲಿ ಇಳಿದದ್ದೆಷ್ಟೆಂದು ಫೋನಿನಲ್ಲಿ ಕೂಡಿ ಕಳೆದು, "ಒಂದು ಮೂಟೆ ಇಳೀತು ಸಾರ್," ಎಂದ. ಎರಡನೆಯದಕ್ಕೆ ಹೋದರು. ಇನ್ನೂ ಒಂದು ಮೂಟೆ. ಏಣಿನ ದೊಡ್ಡ ಮರದಲ್ಲಿ ಡ್ರೈವರ್ ಸಿಳ್ಳೆ ಹಾಕಿದ. ತಾನು ಇಲ್ಲದ ಭಾರವನ್ನು ಒಂದೊಂದು ಮರದ ಮೇಲೂ ಹೊರಿಸಿಟ್ಟು ಬಂದಿದ್ದೆ, ಅವು ಸುಮ್ಮನೆ ಹೊತ್ತುಕೊಂಡು ನಿಂತಿದ್ದವು ಎಂದು ಯೋಚಿಸಿ ಗಜಕಡ್ಡಿಯವರು ಕಾಂಡವನ್ನು ಒಮ್ಮೆ ತಟ್ಟಿದರು, ಕ್ಷಮೆ ಕೇಳುವ ಹಾಗೆ, ಎಮ್ಮೆಯನ್ನು ತಟ್ಟುವ ಹಾಗೆ. ಹಿಂದೆ ಆಕೆ ಬೇರಿನ ಮೇಲೆ ಕುಳಿತು ಬಿಸಿನೀರು ಕುಡಿಯುತ್ತಿದ್ದಳು. ಅವರ ದನಿ ಮರದಿಂದ ಮರಕ್ಕೆ ಸ್ವಲ್ಪ ಸ್ವಲ್ಪ ಜೋರಾಗುತ್ತಿತ್ತು. ಅಂಕಿ ಕೂಗಿದರೆ ಹಳ್ಳದ ಈಚೆಗೂ ಕೇಳುತ್ತಿತ್ತು.

ಬಿಸಿಲು ಓರೆಯಾದಾಗ ನಿರ್ದೇಶಕರು ಮತ್ತೆ ಫೋನು ಮಾಡಿದರು. ಈ ಸಲ ಇವರಿಗೇ.

"ಎಷ್ಟ್ರೀ ಹೋಯ್ತು ಇಲ್ಲಿವರೆಗೆ?" ಎಂದರು ಅಳುವ ದನಿಯಲ್ಲಿ.

"ಹೋಗ್ತಾ ಇದೆ ಸಾರ್," ಎಂದರು ಗಜಕಡ್ಡಿಯವರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಮುಂದಿನ ಮರವನ್ನು ಬಳಸಿ ಟೇಪಿನ ತುದಿ ಹುಡುಕುತ್ತಿದ್ದರು. "ಇನ್ನೂ ಹೋಗ್ತಾ ಇದೆ."